ಕಾಗೆ ಕುಕ್ಕಿದ್ದು ಯಾರ ತಲೆಗೆ

ಸಂಭಾಜಿನಗರದ ಸಿಡ್ಕೋ ಬಡಾವಣೆಯ ಕನ್ನಡ ಸಂಘದಲ್ಲಿ ಮಧುಕರ ಹುನಗುಂದರಿಗೆ ಒಂದು ಜಾಗವಿತ್ತು. ಆ ಜಾಗದ ಅಳತೆ ಐದು ನಿಮಿಷ. ತಿಂಗಳ ಎರಡನೇ ಭಾನುವಾರ ಸಂಜೆ ಸಂಘದ ಕುಟುಂಬಗಳೆಲ್ಲ ಒಂದು ಬಾಡಿಗೆ ಸಭಾಂಗಣದಲ್ಲಿ ಸೇರುತ್ತಿದ್ದವು. ಪ್ರಾರ್ಥನೆಯಾಗುತ್ತಿತ್ತು, ಯಾರದೋ ಮಗು ಹಾಡುತ್ತಿತ್ತು, ಬೇರೆ ಊರಿಗೆ ವರ್ಗವಾದವರಿಗೆ ಶಾಲು ಹೊದೆಸುತ್ತಿದ್ದರು. ಅದಾದ ಮೇಲೆ, ಉಪ್ಪಿಟ್ಟಿನ ತಟ್ಟೆಗಳು ಹೊರಬರುವ ಮುಂಚೆ, ಕಾರ್ಯದರ್ಶಿ ಮೋಹನದಾಸರು ‘ಸೋಜಿಗದ ಸುದ್ದಿ’ ಎಂದು ಕೂಗುತ್ತಿದ್ದರು. ಮಧುಕರರು ಕನ್ನಡಕ ಒರೆಸಿಕೊಂಡು ಏಳುತ್ತಿದ್ದರು. ಸುಮಾರು ಐದು ವರ್ಷ ಈ ಪದ್ಧತಿ ತಪ್ಪಿರಲಿಲ್ಲ.

ಅವರು ಬಾಗಲಕೋಟೆ ಕಡೆಯವರು. ಕೇಂದ್ರ ಸರ್ಕಾರದ ಕಚೇರಿಯೊಂದರ ಪತ್ರವ್ಯವಹಾರ ವಿಭಾಗದಲ್ಲಿ ಮೇಲ್ವಿಚಾರಕರು. ಮೂವತ್ತು ವರ್ಷದಿಂದ ಬೇರೆಯವರು ಸಹಿ ಹಾಕುವ ಪತ್ರಗಳನ್ನು ಬರೆಯುತ್ತ ಬಂದವರು. ಆ ಕೆಲಸದಲ್ಲಿ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಅವರ ಸ್ವಂತದ್ದು ಎಂದು ಇದ್ದದ್ದು ಒಂದು ಹಸಿರು ಕಡತ. ಪತ್ರಿಕೆಗಳಲ್ಲಿ ಬಂದ ವಿಜ್ಞಾನದ ಸುದ್ದಿಗಳನ್ನು ಕತ್ತರಿಸಿ, ಅಂಟಿಸಿ, ಒಂದೊಂದಕ್ಕೂ ಕ್ರಮಸಂಖ್ಯೆ ಮತ್ತು ದಿನಾಂಕ ಹಾಕಿ ಇಟ್ಟಿದ್ದರು. ಮಿದುಳೇ ಇಲ್ಲದ ಲೋಳೆಯಂಥ ಜೀವಿಯೊಂದು ತನ್ನ ಆಹಾರಕ್ಕೆ ಅತಿ ಹತ್ತಿರದ ದಾರಿಯನ್ನು ಕಂಡುಕೊಳ್ಳುತ್ತದೆ. ಕೈ ಕಳೆದುಕೊಂಡವನಿಗೆ ಇಲ್ಲದ ಬೆರಳು ತುರಿಸುತ್ತದೆ. ಇದರಲ್ಲಿ ಔಷಧವಿಲ್ಲ ಎಂದು ಹೇಳಿಯೇ ಗುಳಿಗೆ ಕೊಟ್ಟರೂ ಕೆಲವರ ನೋವು ಇಳಿಯುತ್ತದೆ. ಇಂಥವು ನೂರಾರು.

ಆದರೆ ಅವರ ಪಟ್ಟದ ಕಥೆ ಆ ಕಡತದಲ್ಲಿರಲಿಲ್ಲ. ಅದಕ್ಕೆ ಕತ್ತರಿಸಿದ ಕಾಗದ ಬೇಕಾಗಿರಲಿಲ್ಲ, ಅದು ಅವರ ತಲೆಯ ಮೇಲೆಯೇ ನಡೆದದ್ದು. ನಾಸಿಕ್‌ನಲ್ಲಿದ್ದಾಗ ಗಂಗಾಪುರ ರೋಡಿನ ಬಾಡಿಗೆ ಮನೆಯ ಮುಂದಿನ ಬೇವಿನ ಮರದಿಂದ ಒಂದು ಕಾಗೆಮರಿ ಕೆಳಗೆ ಬಿತ್ತು. ಬೆಕ್ಕಿನ ಬಾಯಿಗೆ ಸಿಗದಿರಲಿ ಎಂದು ಅದನ್ನು ಎತ್ತಿ ಗೋಡೆಯ ಮೇಲಿಟ್ಟದ್ದೇ ತಪ್ಪಾಯಿತು. ತಾಯಿ ಕಾಗೆ ಆ ಮುಖವನ್ನು ಹತ್ತು ತಿಂಗಳು ಮರೆಯಲಿಲ್ಲ. ಬಾಗಿಲು ತೆರೆದರೆ ಸಾಕು, ನೆತ್ತಿಗೆ ಕುಕ್ಕು. ಛತ್ರಿ ಹಿಡಿದರೆ ಛತ್ರಿಯ ಮೇಲೆ ಕೂತು ಸವಾರಿ. ಪಕ್ಕದ ಮನೆಯವರ ಹೆಲ್ಮೆಟ್ ಹಾಕಿಕೊಂಡು ಹೊರಟರೆ ಎರಡು ದಿನ ಮೋಸಹೋಯಿತು. ಮೂರನೇ ದಿನ ಹೆಲ್ಮೆಟ್ಟಿನ ಗಾಜಿಗೆ ಟಕ್ ಟಕ್ ಎಂದು ಕೊಕ್ಕು ಬಡಿದು ಒಳಗಿರುವವರು ಯಾರೆಂದು ವಿಚಾರಿಸಿತು. ಕಥೆ ಇಲ್ಲಿಗೆ ಬಂದಾಗ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆಗ ಮಧುಕರರು ಧ್ವನಿ ತಗ್ಗಿಸಿ ವಿಜ್ಞಾನ ಹೇಳುತ್ತಿದ್ದರು. ಸಂಶೋಧಕರು ಮುಖವಾಡ ತೊಟ್ಟು ಕಾಗೆಗಳನ್ನು ಹಿಡಿದು ಬಿಟ್ಟು ನೋಡಿದ್ದಾರೆ. ವರ್ಷಗಳಾದರೂ ಆ ಮುಖವಾಡ ಕಂಡರೆ ಅವು ಅರಚುತ್ತವೆ. ಹಿಡಿಯುವಾಗ ಅಲ್ಲಿ ಇಲ್ಲದಿದ್ದ ಕಾಗೆಗಳೂ ಉಳಿದವನ್ನು ನೋಡಿ ಕಲಿತು ಅರಚುತ್ತವೆ. ಸಭೆ ಆಹಾ ಎನ್ನುತ್ತಿತ್ತು. ಮುಂದಿನ ಸಾಲಿನಲ್ಲಿ ಹೆಂಡತಿ ಮೃದುಲಾ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದಳು.

ಹೀಗೆ ಎಲ್ಲ ಚೆನ್ನಾಗಿದ್ದಾಗ, ಎರಡು ವರ್ಷದ ಹಿಂದೆ, ಮೃಣಾಲಿನಿ ಬಂದಳು. ಗದಗಿನವಳು, ಬ್ಯಾಂಕಿನ ಅಧಿಕಾರಿ, ನಲವತ್ತರ ಆಸುಪಾಸು. ಗಂಡ, ಮಗ ಇಬ್ಬರೂ ಊರಿನಲ್ಲಿ; ವರ್ಗದ ಆದೇಶ ಹಿಡಿದು ಒಬ್ಬಳೇ ಬಂದು ಮಧುಕರರ ಪಕ್ಕದ ಕಟ್ಟಡದಲ್ಲಿ ಮನೆ ಹಿಡಿದಳು. ಮೂರನೇ ಸಭೆಗೇ ಎದ್ದು ನಿಂತು, ತಾನೂ ಒಂದು ಸೋಜಿಗದ ಸುದ್ದಿ ಹೇಳಬಹುದೇ ಎಂದು ಕೇಳಿದಳು. ಮಧುಕರರು ದೊಡ್ಡ ಮನಸ್ಸಿನಿಂದ ತಲೆಯಾಡಿಸಿದರು. ಆ ದೊಡ್ಡ ಮನಸ್ಸನ್ನು ನೆನೆದು ಆಮೇಲೆ ಎಷ್ಟು ಸಲ ಹಲ್ಲು ಕಡಿದರೋ ಅವರಿಗೇ ಗೊತ್ತು.

“ನಾ ಒಂದು ಸಣ್ಣ ಕಥಿ ಹೇಳ್ತೀನ್ರಿ. ಅದರಾಗ ‘ಹಾಲು’ ಅನ್ನೋ ಮಾತು ಎಷ್ಟು ಸಲ ಬರ್ತದ, ಎಣಸ್ಕೋತ ಹೋಗ್ರಿ,” ಎಂದಳು ಆಕೆ. ಎಲ್ಲರೂ ಬೆರಳು ಮಡಚುತ್ತ ಕೂತರು. ಮಧುಕರರು ಕಣ್ಣು ಕಿರಿದು ಮಾಡಿ ಹದಿನೇಳು ಎಣಿಸಿದರು. ಹದಿನೇಳು ಸರಿ ಎಂದಾಗ ಎದೆಯುಬ್ಬಿಸಿ ಸುತ್ತ ನೋಡಿದರು. ಆಮೇಲೆ ಆಕೆ, ಕಥೆ ನಡೆದಿದ್ದಾಗ ಮೋಹನದಾಸರು ತಲೆಯ ಮೇಲೆ ನೀಲಿ ಬಕೆಟ್ ಹೊತ್ತು ತನ್ನ ಹಿಂದಿನಿಂದ ದಾಟಿಹೋದದ್ದನ್ನು ಎಷ್ಟು ಜನ ಕಂಡಿರಿ ಎಂದು ಕೇಳಿದಳು. ಎದ್ದ ಕೈಗಳು ಎಂಟೂ ಇರಲಿಲ್ಲ. ವಾಳೂಜಿನ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿ ನಿವೃತ್ತರಾದ, ಆರಡಿ ಎತ್ತರದ ಮೋಹನದಾಸರು ಬಕೆಟ್ ಸಮೇತ ಮತ್ತೊಮ್ಮೆ ಬಂದು ನಮಸ್ಕಾರ ಮಾಡಿದಾಗ ಸಭಾಂಗಣ ಹಾರಿಹೋಗುವಂತೆ ಸದ್ದಾಯಿತು. ಗಮನ ಒಂದು ಕಡೆ ನೆಟ್ಟರೆ ಕಣ್ಣೆದುರಿನದೂ ಕಾಣುವುದಿಲ್ಲ ಎಂಬ ಈ ಸಂಗತಿ ಹಸಿರು ಕಡತದಲ್ಲಿ ಅರವತ್ತೆಂಟನೇ ಕ್ರಮಸಂಖ್ಯೆಯಾಗಿ ಇತ್ತು. ಮಧುಕರರೇ ಇದನ್ನು ಹಿಂದೆ ಓದಿ ಹೇಳಿದ್ದರು. ಅಂದು ಒಬ್ಬರು ಆಕಳಿಸಿದ್ದರು. ಇಂದು ಬಕೆಟ್ ಮಧುಕರರಿಗೂ ಕಂಡಿರಲಿಲ್ಲ.

ಅಲ್ಲಿಂದ ಐದು ನಿಮಿಷ ಇಬ್ಬರ ಪಾಲಾಯಿತು. ಒಂದು ತಿಂಗಳು ಅವರದು, ಒಂದು ತಿಂಗಳು ಆಕೆಯದು. ಆಕೆಯ ತಿಂಗಳು ಜನ ಹೆಚ್ಚು ಬರುತ್ತಿದ್ದರು. ಮಧುಕರರು ಕುರ್ಚಿ ಎಣಿಸಿ ನೋಡಿದ್ದರು. ಮಗಳು ರುಚಿತಾ, ಹದಿನೇಳರ ಹುಡುಗಿ, ಅಪ್ಪನ ಸರದಿ ಬಂದಾಗ ಫೋನಿನಲ್ಲಿ ಮುಳುಗುತ್ತಿದ್ದವಳು ಮೃಣಾಲಿನಿ ಎದ್ದರೆ ಫೋನ್ ಮಗುಚಿಡುತ್ತಿದ್ದಳು. ಮೃದುಲಾ ಅಂತೂ ಆಕೆಯ ಜೊತೆ ದಿನಾ ಸಂಜೆ ವಾಕಿಂಗ್ ಹೋಗತೊಡಗಿದಳು. ಒಂದು ಗಂಟೆ ಏನು ಮಾತಾಡುತ್ತೀರಿ ಎಂದರೆ, “ಏನಿಲ್ಲ, ಹಿಂಗ,” ಎನ್ನುತ್ತಿದ್ದಳು. ಹೊಟ್ಟೆಕಿಚ್ಚು ಎಂಬ ಮಾತನ್ನು ಮಧುಕರರು ತಮಗೆ ಅಂಟಿಸಿಕೊಳ್ಳುತ್ತಿರಲಿಲ್ಲ. ವಿಜ್ಞಾನವನ್ನು ಸರ್ಕಸ್ ಮಾಡಬಾರದು, ಅಷ್ಟೇ ಅವರ ವಾದ. ಆದರೆ ಆಕೆಯ ಮನೆಯ ದೀಪ ಕಂಡರೆ ತಮ್ಮ ಕಿಟಕಿಯ ಪರದೆ ಎಳೆಯುತ್ತಿದ್ದರು.

ಈ ವರ್ಷದ ರಾಜ್ಯೋತ್ಸವಕ್ಕೆ ನಾಸಿಕ್‌ನ ಕನ್ನಡ ಸಂಘದವರು ಅತಿಥಿಗಳಾಗಿ ಬರುವವರಿದ್ದರು. ಸೋಜಿಗದ ಸುದ್ದಿಗೆ ಅಂದು ಐದಲ್ಲ, ಹದಿನೈದು ನಿಮಿಷ, ಒಬ್ಬರಿಗೇ. ಯಾರಿಗೆ ಎಂದು ಮಧುಕರರು ಕೇಳಲಿಲ್ಲ, ಕೇಳುವುದು ತಮ್ಮ ಘನತೆಗೆ ಕಡಿಮೆ ಎಂದುಕೊಂಡರು. ಅಕ್ಟೋಬರ್ ನಡುವಿನ ಒಂದು ಭಾನುವಾರ ಬೆಳಿಗ್ಗೆ ಸಂಘದ ವಾಟ್ಸಾಪ್ ಗುಂಪಿನಲ್ಲಿ ಕಾರ್ಯಕ್ರಮದ ಪಟ್ಟಿ ಬಂತು. ಸೋಜಿಗದ ಸುದ್ದಿ: ‘ನಾಸಿಕ್‌ನ ಕಾಗೆ’. ಹೇಳುವವರು: ಮೃಣಾಲಿನಿ.

ಅವರು ಪಟ್ಟಿಯನ್ನು ಮೂರು ಸಲ ಓದಿದರು. ಸಮಯ ಹೋದರೆ ಹೋಗಲಿ. ಕಥೆಯನ್ನೇ ಎತ್ತಿಕೊಂಡು ಹೋದಳಲ್ಲ. ಮೋಹನದಾಸರಿಗೆ ಫೋನ್ ಹಚ್ಚಿದರು.

“ಅದು ನನ್ನ ಕಾಗಿ ಅಲ್ಲೇನ್ರಿ? ನಿಮಗೆಲ್ಲಾರಿಗೂ ಗೊತ್ತದ.”

“ನಾನೂ ಕೇಳಿದ್ನಿರಿ ಮಧುಕರ ಅವರ,” ಎಂದರು ಮೋಹನದಾಸರು. “ಇದು ಬ್ಯಾರೆ ಕಾಗಿ ಅಂತ. ಅವರ ಗೆಳತಿಗೆ ಆಗಿದ್ದಂತ. ಹೆಸರು ಹೇಳಂಗಿಲ್ಲ ಅಂದ್ರು.”

“ಅದೇ ಊರು, ಅದೇ ಕಥಿ, ಬ್ಯಾರೆ ಕಾಗಿ ಹೆಂಗಾಗ್ತದ್ರಿ? ಆಕಿ ಕದ್ದಾಳ.”

“ಕದ್ದಾರ ಅಂತ ನೀವು ಅಂತೀರಿ ಅಂದ್ರ ಬರದ ಕೊಡ್ರಿ. ಕಮಿಟಿ ಮುಂದ ಇಡ್ತೀನಿ.”

ಬರೆದು ಕೊಡು ಎಂಬುದು ಮಧುಕರರಿಗೆ ಹಬ್ಬದೂಟಕ್ಕೆ ಕರೆದ ಹಾಗೆ. ಮೇಜಿನ ಮೇಲೆ ಬಿಳಿ ಹಾಳೆ ಹಾಸಿ ಕೂತರು. ವಿಷಯ, ಉಲ್ಲೇಖ, ಮಾನ್ಯರೇ. ಈ ಪತ್ರ ಹೋದರೆ ಮೃಣಾಲಿನಿ ಸಂಘದಲ್ಲಿ ತಲೆ ಎತ್ತುವಂತಿಲ್ಲ ಎಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದುದರಿಂದ ಅಕ್ಷರ ಇನ್ನೂ ದುಂಡಗೆ ಬಂತು. ‘ಸದರಿ ಘಟನೆಯು ದಿನಾಂಕ’ ಎಂದು ಬರೆದು ನಿಂತರು. ದಿನಾಂಕವಿಲ್ಲದ ಪತ್ರವನ್ನು ಅವರು ಮೂವತ್ತು ವರ್ಷದಲ್ಲಿ ಒಂದೂ ಬರೆದಿರಲಿಲ್ಲ.

“ಮೃದುಲಾ, ಆ ಕಾಗಿ ಮರಿ ಬಿದ್ದದ್ದು ಎಂದು?”

ಮೃದುಲಾ ನೆಲದ ಮೇಲೆ ಪೇಪರ್ ಹಾಸಿಕೊಂಡು ಮೆಂತ್ಯೆಸೊಪ್ಪು ಬಿಡಿಸುತ್ತಿದ್ದಳು. “ರುಚಿತಾ ಐದನೇತ್ತಾಕ್ಕ ಹೋದ ವರ್ಷ, ಶಾಲಿ ಸುರು ಆದ ದಿವಸ. ಹದಿನೈದ ಜೂನ್. ಹೊಸಾ ರೇನ್‌ಕೋಟ್ ಹಾಕ್ಕೊಂಡು ಹೊಂಟಿದ್ಳು,” ಎಂದಳು, ತಲೆಯೆತ್ತದೆ.

ಮಧುಕರರು ಬರೆದರು: 15-6-2018. ಮುಂದೆ, ‘ಸದರಿ ದಿನಾಂಕದಂದು ನಾನು ನಾಸಿಕ್ ಕಚೇರಿಯಲ್ಲಿ ಕರ್ತವ್ಯದಲ್ಲಿದ್ದು’ ಎಂದು ಬರೆದರು. ಪೆನ್ನು ಅಲ್ಲೇ ನಿಂತಿತು. ಸರ್ಕಾರಿ ನೌಕರ ಮದುವೆಯ ದಿನ ಮರೆತಾನು, ಒಂದು ಊರಿನಿಂದ ಬಿಡುಗಡೆಯಾದ ದಿನ ಮರೆಯಲಾರ. ನಾಸಿಕ್‌ನಿಂದ ಅವರ ಬಿಡುಗಡೆ 31-5-2018, ಅಪರಾಹ್ನ. ಇಲ್ಲಿ ಹಾಜರಾದದ್ದು 4-6-2018, ಪೂರ್ವಾಹ್ನ. ಆಗಿನ್ನೂ ಈ ಊರಿಗೆ ಹಳೆಯ ಹೆಸರಿತ್ತು. ವರ್ಗವಾದ ಎಲ್ಲರ ಮನೆಯ ಹಾಗೆ, ಗಂಡಸು ಮೊದಲು ಹೋಗಿ ಒಂದು ಕೋಣೆಯ ಖೋಲಿ ಹಿಡಿದದ್ದು; ಹೆಂಡತಿ, ಮಗಳು ಪರೀಕ್ಷೆ ಮುಗಿಯುವವರೆಗೆ ಹಳೆಯ ಊರಿನಲ್ಲೇ ಉಳಿದದ್ದು. ಹತ್ತು ತಿಂಗಳು.

“ಹಿಂದಿನ ವರ್ಷ ಇರಬೇಕು, ನೆನಪು ಮಾಡ್ಕೋ,” ಎಂದರು. ಧ್ವನಿ ಅವರಿಗೇ ಬೇರೆಯವರದಂತೆ ಕೇಳಿಸಿತು.

ಉತ್ತರ ಕೊಟ್ಟವಳು ಸೋಫಾದ ಮೇಲಿದ್ದ ರುಚಿತಾ. “ತುಮ್ಹಿ ನವ್ಹತಾಚ್ ತಿಥೆ, ಪಪ್ಪಾ,” ಎಂದು ಮರಾಠಿಯಲ್ಲಿ ಅಂದು, ಆಮೇಲೆ ಕನ್ನಡಕ್ಕೆ ಬಂದಳು. “ನೀವು ಅಲ್ಲಿ ಇರಲೇ ಇಲ್ಲ. ಸೆಕೆಂಡ್ ಸ್ಯಾಟರ್ಡೇ ಬರ್ತಿದ್ರಿ. ಗಿಡದ ಕೆಳಗ ಹಂಗೇ ಆರಾಮ್ ಹೋಗ್ತಿದ್ರಿ. ಕಾಗಿ ನಿಮ್ಮ ಕಡೆ ಬಘತ್‌ಪಣ ನವ್ಹತಾ, ನೋಡ್ತಾನೂ ಇರಲಿಲ್ಲ. ಅದಕ್ಕ ಆಯೀನ ಬೇಕಾಗಿದ್ಳು, ಅಮ್ಮ ಮಾತ್ರ.”

ಕಥೆ ತಮ್ಮದಲ್ಲ ಎಂಬುದು ಒಂದು ಪೆಟ್ಟಾದರೆ, ಕಾಗೆ ತಮ್ಮತ್ತ ತಿರುಗಿಯೂ ನೋಡಿರಲಿಲ್ಲ ಎಂಬುದು ಇನ್ನೊಂದು. ಮಧುಕರರಿಗೆ ಎರಡನೆಯದೇ ಹೆಚ್ಚು ನೋವು ಕೊಟ್ಟಿತು. ಆ ಕ್ಷಣ ಅವರಿಗೆ ಹೆಂಡತಿಯ ಮೇಲೆ ಹೊಟ್ಟೆಕಿಚ್ಚಾಯಿತು, ಒಂದು ಕಾಗೆಯ ಹಗೆಗಾಗಿ.

ಆಮೇಲೆ ನಿಧಾನಕ್ಕೆ ನೆನಪಾಯಿತು. ಇಲ್ಲಿನ ಉಸ್ಮಾನಪುರಾದ ಖೋಲಿ, ಕಬ್ಬಿಣದ ಮಂಚ, ಖಾನಾವಳಿಯ ಊಟ. ದಿನಾ ಸಂಜೆ ಏಳೂವರೆಗೆ ಫೋನ್. ಆಕೆ ಆ ದಿನದ ಕಾಗೆಯ ಸುದ್ದಿ ಹೇಳುತ್ತಿದ್ದಳು, ಇವರು ಮಂಚದ ಮೇಲೆ ಬಿದ್ದುಕೊಂಡು ನಗುತ್ತಿದ್ದರು. ಮರುದಿನ ಕಚೇರಿಯ ಕ್ಯಾಂಟೀನಿನಲ್ಲಿ ಹೇಳುತ್ತಿದ್ದರು. ಮೊದಮೊದಲು ನಮ್ಮ ಮನೆಯವರಿಗೆ ಎನ್ನುತ್ತಿದ್ದರು. ದೀಪಾವಳಿಯ ಹೊತ್ತಿಗೆ ನಮ್ಮ ಮನೆಯಲ್ಲಿ ಎಂದಾಯಿತು. ಸಂಘದಲ್ಲಿ ಎದ್ದು ನಿಂತಾಗ ನನಗೆ ಎಂದೇ ಬಾಯಿಂದ ಬಂತು. ಇಂಥ ದಿನ ಸುಳ್ಳು ಹೇಳಿದೆ ಎಂದು ಬೆರಳಿಟ್ಟು ತೋರಿಸಲು ಒಂದು ದಿನವೂ ಸಿಗಲಿಲ್ಲ. ಈಗ ಕಣ್ಣು ಮುಚ್ಚಿದರೂ ಕೊಕ್ಕು ತಾಗಿದ ಉರಿ ನೆತ್ತಿಯಲ್ಲಿ ಸ್ಪಷ್ಟವಾಗಿತ್ತು. ಹಸಿರು ಕಡತದ ನೂರಾ ಹನ್ನೆರಡನೇ ಕಾಗದದಲ್ಲಿ ಇದೇ ಸುದ್ದಿಯಿತ್ತು: ಅವಳಿಗಳನ್ನು ಕೂರಿಸಿ ಕೇಳಿದಾಗ, ಚಿಕ್ಕಂದಿನಲ್ಲಿ ಒಬ್ಬರಿಗೇ ಆದ ಘಟನೆಯನ್ನು ಇಬ್ಬರೂ ನನಗೇ ಆದದ್ದು ಎಂದು ಆಣೆಯಿಟ್ಟು ಹೇಳಿದರಂತೆ. ಅದನ್ನು ಓದಿ ಹೇಳಿ ಎಂಥ ಪೆದ್ದರು ನೋಡಿ ಎಂದು ಮಧುಕರರೇ ಸಭೆಯನ್ನು ನಗಿಸಿದ್ದರು.

“ಇಷ್ಟು ವರ್ಷ ಯಾಕ ಸುಮ್ಮನಿದ್ದಿ?” ಎಂದು ಕೇಳಿದರು.

“ಮೊದಲನೇ ಸಲ ಮಂದ್ಯಾಗ ಹೇಳಿದಾಗ ನಗಸಲಿಕ್ಕೆ ಚಾಷ್ಟಿ ಮಾಡ್ಲಿಕ್ಕತ್ತೀರಿ ಅಂದ್ಕೊಂಡೆ. ಎರಡನೇ ಸಲ ಮನೀಗೆ ಬಂದ ಮ್ಯಾಲೆ ಹೇಳಬೇಕು ಅಂತಿದ್ದೆ, ನೀವು ನೆತ್ತಿ ಸವರಿಕೋತ ಕೂತಿದ್ರಿ. ಏನಂತ ಹೇಳ್ಲಿ?” ಮೃದುಲಾ ಸೊಪ್ಪಿನ ಕಡ್ಡಿಗಳನ್ನು ಒಟ್ಟು ಮಾಡಿದಳು. “ಅಲ್ಲಿ ಇರದ ಕಾಗಿನೂ ಕಲತು ಕೂಗ್ತಾವ ಅಂತ ನೀವ ಹೇಳ್ತೀರಲ್ಲ. ಹಂಗ ಅಂತ ಬಿಟ್ಟೆ.”

“ಮತ್ತ ಮೃಣಾಲಿನಿಗೆ ಯಾಕ ಹೇಳಿದಿ?”

“ನನಗಾದದ್ದು ಒಂದ್ಸಲರೆ ನನ್ನ ಬಾಯಿಲೆ ಹೇಳಬೇಕನಸ್ತು. ಆಕಿನೂ ಒಬ್ಬಾಕಿ ಇರ್ತಾಳ. ಸಭಾದಾಗ ಹೇಳ್ಲೇನು ಅಂದ್ಳು, ಹೆಸರು ತಗೀಬ್ಯಾಡ ಅಂದೆ.”

ಮಧುಕರರು ಆ ಪತ್ರವನ್ನು ಹರಿದರು. ಇನ್ನೊಂದು ಹಾಳೆ ತೆಗೆದು ಬರೆದರು: ಸದರಿ ಕಾಗೆಯ ಘಟನೆ ನನ್ನ ಪತ್ನಿ ಮೃದುಲಾ ಇವರಿಗೆ ಸಂಬಂಧಿಸಿದ್ದು, ನಾನು ಇದುವರೆಗೆ ಹೇಳಿದ್ದು ತಪ್ಪಾಗಿದ್ದು, ಪಟ್ಟಿಯಲ್ಲಿ ಅವರ ಹೆಸರನ್ನೇ ಹಾಕತಕ್ಕದ್ದು. ಅದನ್ನು ಬರೆಯುವಾಗ ಅವರ ಕಿವಿ ಕೆಂಪಾಗಿತ್ತು. ಮೆಚ್ಚಬೇಕಾದ ಕೆಲಸವೇ. ಆದರೆ ಪೂರಾ ಮೆಚ್ಚುವ ಮೊದಲು ಇದೂ ತಿಳಿದಿರಲಿ: ಆ ಪತ್ರದಲ್ಲಿ ಅರ್ಧ ನ್ಯಾಯಕ್ಕಾಗಿ ಬರೆದದ್ದು, ಉಳಿದರ್ಧ ಹದಿನೈದು ನಿಮಿಷ ಮೃಣಾಲಿನಿಗೆ ಸಿಗದಿರಲಿ ಎಂದು ಬರೆದದ್ದು.

ಮೃಣಾಲಿನಿ ಸರದಿಯನ್ನು ತಕ್ಷಣ ಬಿಟ್ಟುಕೊಟ್ಟಳು. ವೇದಿಕೆ ಹತ್ತುವುದಿಲ್ಲ ಎಂದು ಹಟ ಹಿಡಿದ ಮೃದುಲಾಳನ್ನು ಒಪ್ಪಿಸಿದವಳೂ ಆಕೆಯೇ. ಹತ್ತು ದಿನ ಸಂಜೆ ಆಕೆಯ ಮನೆಯಲ್ಲಿ ತಾಲೀಮು ನಡೆಯಿತು. ತಾವು ಬಂದು ಧ್ವನಿಯ ಏರಿಳಿತ ಹೇಳಿಕೊಡಲೇ ಎಂದು ಮಧುಕರರು ಎರಡು ಸಲ ಕೇಳಿದರು. “ಬ್ಯಾಡ್ರಿ, ನೀವು ಬಂದ್ರ ನನಗ ಮಾತು ಬರಂಗಿಲ್ಲ,” ಎಂದಳು ಹೆಂಡತಿ.

ರಾಜ್ಯೋತ್ಸವದ ದಿನ ನಾಸಿಕ್‌ನವರು, ಇಲ್ಲಿನವರು ಸೇರಿ ಸಭಾಂಗಣ ತುಂಬಿತ್ತು. ಮಧುಕರರು ಮೊದಲ ಸಾಲಿನಲ್ಲಿ, ಮೃದುಲಾ ಯಾವಾಗಲೂ ಕೂರುವ ಕುರ್ಚಿಯಲ್ಲಿ ಕೂತರು. ಪಕ್ಕದಲ್ಲಿ ಮೃಣಾಲಿನಿ. ಮೃದುಲಾ ಮೈಕ್ ಹಿಡಿದು ಮೊದಲೆರಡು ವಾಕ್ಯ ತಡವರಿಸಿದಳು, ಆಮೇಲೆ ಸರಾಗವಾದಳು. ಅನ್ನದ ಬೋಗುಣಿಯ ಮುಚ್ಚಳವನ್ನು ತಲೆಯ ಮೇಲೆ ಹಿಡಿದು ಹಾಲು ತರಲು ಓಡಿದ್ದನ್ನು ಅಭಿನಯಿಸಿ ತೋರಿಸಿದಳು. ಜನ ಬಿದ್ದು ಬಿದ್ದು ನಕ್ಕರು. ನಾನು ಹೇಳಿದಾಗಲೂ ಇಷ್ಟು ನಕ್ಕಿದ್ದರೇ ಎಂದು ಮಧುಕರರು ಒಳಗೊಳಗೇ ತೂಗಿ ನೋಡುತ್ತಿದ್ದರು. ಮುಚ್ಚಳದ ಸಂಗತಿ ಅವರು ಕೇಳಿಯೇ ಇರಲಿಲ್ಲ.

ನಗು ತಗ್ಗಿದ ಮೇಲೆ ಆಕೆ ಮೈಕನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು.

“ನಗಿ ಬರ್ತದ ಖರೆ,” ಎಂದಳು. “ಆದ್ರ ನನಗ ಆಗ ಭಾಳ ಅಂಜಿಕಿ ಆಗಿತ್ತು. ನಾಕ್ನೇ ದಿವಸದಿಂದ ಬಾಗಲಾ ಹಾಕ್ಕೊಂಡು ಒಳಗ ಕೂಡ್ಲಿಕ್ಕೆ ಸುರು ಮಾಡಿದೆ. ನಾ ಅದರ ಮರಿ ಉಳಸಲಿಕ್ಕೆ ಹೋಗಿದ್ದೆ, ಅದಕ್ಕ ನಾ ಕಳ್ಳಿ ಅನಿಸಿತ್ತು. ಇದನ್ನ ಹೇಳ್ಕೋಬೇಕಂದ್ರ ಮನ್ಯಾಗ ದೊಡ್ಡವರು ಯಾರೂ ಇದ್ದಿದ್ದಿಲ್ಲ. ಸಂಜಿಗೆ ಇವರ ಫೋನ್ ಬರ್ತಿತ್ತು. ಇವರು ಅಲ್ಲೆ ಒಬ್ಬರ, ಖೋಲ್ಯಾಗ. ಅತ್ತು ಹೇಳಿದ್ರ ಊಟ ಮಾಡ್ತಿದ್ದಿಲ್ಲ. ಅದಕ್ಕ ನಗಿ ಬರೂಹಂಗ ಹೇಳ್ಲಿಕ್ಕೆ ಹತ್ತಿದೆ. ಕಾಗಿ ಸುಮ್ಮನಿದ್ದ ದಿವಸ ನಾನ ಏನರೆ ಕಟ್ಟಿ ಹೇಳ್ತಿದ್ದೆ. ಇವರಿಗೆ ಜ್ವರ ಬಂದಿದ್ದ ವಾರ ಕಾಗಿ ನಮ್ಮ ಮನಿ ಕಡೆ ಹಾಯ್ದೂ ಇರಲಿಲ್ಲ. ಒಟ್ಟ ಅರ್ಧಾ ಕಾಗಿ ಕಥಿ ನಂದ ಕಟ್ಟಿದ್ದು.”

ಸಭೆಯ ತುಂಬ ಚಪ್ಪಾಳೆ ಬಿತ್ತು. ಮಧುಕರರ ಕೈ ಮೇಲೇಳಲಿಲ್ಲ. ಅವರು ತಮ್ಮ ತಲೆಯೊಳಗಿನ ಕಾಗೆಗಳನ್ನು ಒಂದೊಂದಾಗಿ ಹಿಡಿದು ನೋಡುತ್ತಿದ್ದರು. ಛತ್ರಿಯ ಸವಾರಿ ನಿಜವೇ? ಹೆಲ್ಮೆಟ್ಟಿನ ಟಕ್ ಟಕ್? ಎಲ್ಲವೂ ಒಂದೇ ಸಮ ನಿಜವಾಗಿ ಕಂಡವು. ಜ್ವರದ ವಾರ ಮಾತ್ರ ಚೆನ್ನಾಗಿ ನೆನಪಿತ್ತು. ಅಷ್ಟು ನಕ್ಕ ವಾರ ಆ ಖೋಲಿಯಲ್ಲಿ ಇನ್ನೊಂದಿರಲಿಲ್ಲ. ಅವರು ಪಕ್ಕಕ್ಕೆ ತಿರುಗಿದರು. ಮೃಣಾಲಿನಿ ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟುತ್ತಿದ್ದಳು. ಆಕೆಯ ಮುಖದಲ್ಲಿ ಆಶ್ಚರ್ಯ ಒಂದಿಷ್ಟೂ ಇರಲಿಲ್ಲ.

ಮನೆಗೆ ಹೋಗುವಾಗ ರುಚಿತಾ ಗೆಳತಿಯರ ಜೊತೆ ಹಿಂದೆ ಉಳಿದಳು. ಸ್ಕೂಟರಿನ ಮೇಲೆ ಗಂಡ ಹೆಂಡತಿ ಇಬ್ಬರೇ. ಸಿಗ್ನಲ್ಲಿನಲ್ಲಿ ನಿಂತಾಗ ಮಧುಕರರು ಹಿಂದೆ ತಿರುಗದೆ ಕೇಳಿದರು.

“ಯಾವ ಅರ್ಧಾ?”

“ಏನು?”

“ಯಾವ ಅರ್ಧಾ ಖರೆ, ಯಾವ ಅರ್ಧಾ ಕಟ್ಟಿದ್ದು?”

ಮೃದುಲಾ ಶಾಲನ್ನು ಮಡಚಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. ಅಂದು ಸಂಘದವರು ಹೊದೆಸಿದ್ದು.

“ನನಗೂ ಈಗ ನೆನಪಿಲ್ರಿ,” ಎಂದಳು. “ಮೃಣಾಲಿನೀನ ಕೇಳ್ರಿ. ಆಕೀಗೆ ಎಲ್ಲಾ ಹೇಳೀನಿ.”